ಎಲ್ಲ ಲೆಕ್ಕ ಸರಿಯಿತ್ತು, ಹವಳ ಮಾತ್ರ ಮುದುಡಿತ್ತು

ಕೋಲಾರದಲ್ಲಿ ಕೂತು ಸಮುದ್ರ ಸಾಕುತ್ತೇನೆ ಅಂದರೆ ಜನ ಮೊದಲು ನಗುತ್ತಾರೆ. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರು ನಮ್ಮದು. ಪಾಲಾರ್ ನದಿ ಹೆಸರಿಗಷ್ಟೇ. ಸಮುದ್ರ ನೋಡಬೇಕು ಅಂದರೆ ಚೆನ್ನೈಗೆ ಹೋಗಬೇಕು, ಇನ್ನೂರೈವತ್ತು ಕಿಲೋಮೀಟರಿಗೂ ಜಾಸ್ತಿ. ಆದರೂ ನಮ್ಮ ನಡುಮನೆಯಲ್ಲಿ, ಟಿವಿ ಪಕ್ಕ, 150 ಲೀಟರ್ ಉಪ್ಪು ನೀರಿದೆ. ಎರಡು ಕ್ಲೌನ್ ಮೀನು, ಒಂದಷ್ಟು ಬಸವನ ಹುಳು, ನಾಲ್ಕೈದು ಹವಳ. ಮೂರು ವರ್ಷದಿಂದ ಸಾಕುತ್ತಿದ್ದೇನೆ. ಈ ಮಾರ್ಚ್‌ನಲ್ಲಿ ಅದರಲ್ಲಿ ದೊಡ್ಡ ಹವಳ ಸಾಯುವ ಹಂತಕ್ಕೆ ಹೋಗಿ, ಎರಡು ತಿಂಗಳು ನನ್ನನ್ನು ಒದ್ದಾಡಿಸಿ, ಮೊನ್ನೆ ಒಂದು ದಾರಿಗೆ ಬಂತು. ಕಾರಣ ಗೊತ್ತಾದಾಗ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. ನಿಮಗೆ ಹಾಗಾಗದಿರಲಿ ಅಂತ ಬರೆಯುತ್ತಿದ್ದೇನೆ.

ಶುರುವಿನಲ್ಲೇ ಒಂದು ಮಾತು. ನನ್ನ ಹತ್ತಿರ ಇರುವುದೆಲ್ಲ ಮೆತ್ತನೆಯ ಹವಳ. ಕಲ್ಲಿನಂಥ ಗೂಡು ಕಟ್ಟುವ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿವೆ. ಹುಲಿ, ಆನೆ ಇರುವ ಪಟ್ಟಿ ಅದು. ಯಾರಾದರೂ "ಏನೂ ಆಗಲ್ಲ ಸಾರ್, ತಗೊಳ್ಳಿ" ಅಂದರೂ ತಗೋಬೇಡಿ. ಮೆತ್ತನೆಯದನ್ನು ಕೊಂಡರೂ ಬಿಲ್ ಮೇಲೆ ಅದರ ಹೆಸರು ಬರೆಸಿ ಇಟ್ಟುಕೊಳ್ಳಿ.

ಕಾಯಿಲೆ ಬಿದ್ದದ್ದು ಟೋಡ್‌ಸ್ಟೂಲ್ ಲೆದರ್ ಅನ್ನುವ ಮೆತ್ತನೆಯ ಹವಳ. ದಪ್ಪ ಕಾಂಡ, ಮೇಲೆ ಅಣಬೆಯ ಕೊಡೆ. ಕೊಡೆಯ ತುಂಬ ಸಣ್ಣ ಸಣ್ಣ ಪಾಲಿಪ್‌ಗಳು, ಅಂದರೆ ಹವಳದ ಪುಟ್ಟ ಜೀವಿಗಳು. ನೀರು ಅಲುಗಿದಾಗ ಅವೆಲ್ಲ ಒಂದೇ ಕಡೆ ಬಾಗುತ್ತವೆ, ಗಾಳಿಗೆ ರಾಗಿ ಪೈರು ಆಡಿದ ಹಾಗೆ. ಬೆಂಗಳೂರಿನಿಂದ 2,800 ರೂಪಾಯಿಗೆ ತಂದಾಗ ಉದ್ದಿನ ವಡೆಯಷ್ಟಿತ್ತು. ಎರಡು ವರ್ಷದಲ್ಲಿ ತಿಂಡಿ ತಟ್ಟೆಯಷ್ಟಾಯಿತು. ಸಾಕಲು ಸುಲಭದ ಹವಳ ಅಂತ ಹೊಸಬರಿಗೆ ಕೊಡುವುದೇ ಇದನ್ನು. ಹಾಗಾಗಿ ಇದೇ ಮುದುಡಿದಾಗ ನನಗೆ ಭಯದ ಜೊತೆ ಅವಮಾನವೂ ಆಯಿತು.

ನಾನು ಎಪಿಎಂಸಿಯಲ್ಲಿ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಬರೆದಿಡುವುದು ಚಟವಾಗಿಬಿಟ್ಟಿದೆ. ಟ್ಯಾಂಕಿಗೂ ಒಂದು ಉದ್ದನೆಯ ಪುಸ್ತಕ ಇಟ್ಟಿದ್ದೇನೆ. ಅದರಲ್ಲಿ ಮಾರ್ಚ್ 2ರ ಸಾಲು ಹೀಗಿದೆ: "ಬಸವನ ಹುಳು 1, ಬೆನ್ನ ಮೇಲೆ. ತಿರುಗಿಸಿ ಇಟ್ಟೆ." ಮರುದಿನ: "ಮತ್ತೆ ಅದೇ. ಇನ್ನೊಂದು ಕೂಡ." ಚಿಪ್ಪಿನಿಂದ ಅರ್ಧ ಹೊರಗೆ ಬಂದ ಪಾದ, ಮುಟ್ಟಿದರೆ ನಿಧಾನಕ್ಕೆ ಒಳಗೆ ಎಳೆದುಕೊಳ್ಳುತ್ತಿತ್ತು, ನಿದ್ದೆಗಣ್ಣಲ್ಲಿ ಎದ್ದವರ ಹಾಗೆ. ಬರೆದೆ, ಪುಸ್ತಕ ಮುಚ್ಚಿದೆ. ಹುಳು ತಾನೇ ಅಂದುಕೊಂಡೆ. ಉತ್ತರ ಆವತ್ತೇ ಕಣ್ಣ ಮುಂದೆ ಇತ್ತು.

ಮಾರ್ಚ್ 5ಕ್ಕೆ ಲೆದರ್ ಮುಚ್ಚಿಕೊಂಡಿತು. ಪಾಲಿಪ್ ಒಂದೂ ಹೊರಗಿಲ್ಲ. ಮೇಲ್ಮೈ ಮೇಣ ಸವರಿದ ಹಾಗೆ ಹೊಳೆಯುತ್ತಿತ್ತು. ಇದಕ್ಕೆ ನಾನು ಹೆದರಲಿಲ್ಲ. ಲೆದರ್ ಹವಳ ಆಗಾಗ ಹಾವಿನ ಹಾಗೆ ಪೊರೆ ಬಿಡುತ್ತದೆ. ಕೆಲವು ದಿನ ಮುಚ್ಚಿಕೊಂಡು, ಮೈಮೇಲೆ ತೆಳು ಪೊರೆ ಕಟ್ಟಿ, ಪಾಚಿ ಕೊಳೆ ಎಲ್ಲ ಅದರ ಜೊತೆ ಕಳಚಿ ಹಾಕುತ್ತದೆ. ಹೊಸಬರು ಇದನ್ನೇ ಸಾವು ಅಂದುಕೊಂಡು ಎತ್ತಿ ಎಸೆದದ್ದೂ ಇದೆ. ಪೊರೆ ಬಿಡುವಾಗ ಮಾಡಬೇಕಾದ್ದು ಇಷ್ಟೇ: ನೀರಿನ ಹರಿವು ಸ್ವಲ್ಪ ಜಾಸ್ತಿ ಮಾಡಿ, ಸುಮ್ನೆ ಇರಿ. ಒಂದು ವಾರ, ಕೆಲವೊಮ್ಮೆ ಎರಡು ವಾರ. ನಾನೂ ಸುಮ್ನೆ ಇದ್ದೆ. ಒಂಬತ್ತನೇ ದಿನ ಹಾಲಿನ ಕೆನೆಯಂಥ ಪೊರೆ ಒಂದು ಮೂಲೆಯಿಂದ ಎದ್ದು ತೇಲಿತು. ಖುಷಿಪಟ್ಟೆ. ಸಂಜೆಗೆ ನೋಡಿದರೆ ಪೊರೆ ಹೋಗಿದೆ, ಪಾಲಿಪ್ ಮಾತ್ರ ಬಂದಿಲ್ಲ. ಕೊಡೆಯ ಅಂಚು ಒಳಗೆ ಸುರುಟಿಕೊಂಡಿದೆ, ಬಾಡಿದ ವೀಳ್ಯದೆಲೆ ಥರ.

ಆಗ ಟೆಸ್ಟ್ ಕಿಟ್‌ಗಳನ್ನೆಲ್ಲ ಹೊರಗೆ ತೆಗೆದೆ. ಆಲ್ಕಲಿನಿಟಿ 8.4, ಕ್ಯಾಲ್ಸಿಯಂ 420, ಮೆಗ್ನೀಸಿಯಂ 1,320, ನೈಟ್ರೇಟ್ 8. ಫಾಸ್ಫೇಟ್ ಕೂಡ ಹದದಲ್ಲೇ ಇತ್ತು. ಶಾಖ 26.5 ಡಿಗ್ರಿ. ಈ ಲೆಕ್ಕ ಯಾರಿಗೆ ತೋರಿಸಿದರೂ ಭೇಷ್ ಅನ್ನುತ್ತಾರೆ. ಒಂದೇ ಅನುಮಾನ ಉಪ್ಪಿನ ಮೇಲೆ. ಉಪ್ಪು ಅಳೆಯುವ ನನ್ನ ರಿಫ್ರಾಕ್ಟೋಮೀಟರನ್ನು ಶುದ್ಧ ನೀರು ಹಾಕಿ ಸೊನ್ನೆಗೆ ಸರಿ ಮಾಡಿಕೊಳ್ಳುತ್ತಿದ್ದೆ. ಅದು ಸಾಲದು. ಸಾವಿರಕ್ಕೆ 35 ಪಾಲು ಉಪ್ಪು ಅಂತಲೇ ಗುರುತು ಹಾಕಿದ ದ್ರಾವಣ ಸಿಗುತ್ತದೆ, ಅದನ್ನು ಹಾಕಿ ನೋಡಬೇಕು. 450 ರೂಪಾಯಿ ಕೊಟ್ಟು ತರಿಸಿ ಹಾಕಿದರೆ ನನ್ನದು 33 ತೋರಿಸಿತು. ಅಂದರೆ ನಾನು 35 ಅಂದುಕೊಂಡಿದ್ದು ನಿಜಕ್ಕೂ 37. ಸಿಕ್ಕಿತು ಕಳ್ಳ ಅಂದುಕೊಂಡು ನಾಲ್ಕು ದಿನದಲ್ಲಿ ನಿಧಾನಕ್ಕೆ ಇಳಿಸಿದೆ. ಏನೂ ಬದಲಾಗಲಿಲ್ಲ. ಸಣ್ಣ ಕಳ್ಳ ಸಿಕ್ಕಿದ್ದ, ದೊಡ್ಡವನು ಆರಾಮಾಗಿ ಮನೆಯಲ್ಲೇ ಓಡಾಡಿಕೊಂಡಿದ್ದ.

ಆಮೇಲೆ ಭಾನುವಾರ ಬೆಂಗಳೂರಿಗೆ ಹೋದೆ. ಬಸ್ಸಿನಲ್ಲಿ 70 ಕಿಲೋಮೀಟರ್, ಫೋನಿನಲ್ಲಿ ಹತ್ತಿಪ್ಪತ್ತು ಫೋಟೋ, ಒಂದು ಬಾಟಲಿ ಟ್ಯಾಂಕ್ ನೀರು. ಮನುಷ್ಯರ ರಿಪೋರ್ಟ್ ಹಿಡಿದು ದೊಡ್ಡಾಸ್ಪತ್ರೆಗೆ ಹೋದ ಹಾಗೇ ಇತ್ತು. ಮೂರು ಅಂಗಡಿ, ಮೂರು ತೀರ್ಪು. ಒಬ್ಬರು ಲೈಟ್ ಜಾಸ್ತಿ ಅಂದರು. ಇನ್ನೊಬ್ಬರು ಲೈಟ್ ಸಾಲದು ಅಂದರು. ಮೂರನೆಯವರು ನೀರಿನ ಬಾಟಲಿ ಮುಟ್ಟಲೂ ಇಲ್ಲ, ಒಂದು ಔಷಧಿ ಕೈಗಿಟ್ಟು 1,150 ರೂಪಾಯಿ ತಗೊಂಡರು. ಮನೆಗೆ ಬಂದು ಲೇಬಲ್ ಓದಿದರೆ ಅದು ಮೀನಿನ ಬಿಳಿ ಚುಕ್ಕೆಗೆ ಹಾಕುವ ಔಷಧಿ, ಹವಳ ಇರುವ ಟ್ಯಾಂಕಿಗೆ ಹಾಕಬಾರದು ಅಂತ ಸಣ್ಣಕ್ಷರದಲ್ಲಿ ಬರೆದಿದೆ. ಅದು ತಾಮ್ರದ ಔಷಧಿ, ನಾನು ಹಾಕಲಿಲ್ಲ. ನಂತರ ಯೋಚಿಸಿದಾಗ ನಗು ಬಂತು. ಆವತ್ತು ಬರೀ ಕೋಪ ಬಂದಿತ್ತು. ಯಾವ ಬಾಟಲಿಯನ್ನೂ ಲೇಬಲ್ ಓದದೆ ಸುರಿಯಬೇಡಿ, ಎಷ್ಟೇ ಗಾಬರಿಯಾಗಿದ್ದರೂ.

ಲೆದರ್ ಹವಳಗಳು ಅಕ್ಕಪಕ್ಕದ ಹವಳಗಳನ್ನು ದೂರ ಇಡಲು ನೀರಿಗೆ ವಿಷ ಬಿಡುತ್ತವೆ. ಅದೇ ಜಗಳ ಇರಬಹುದು ಅಂತ ಆಕ್ಟಿವೇಟೆಡ್ ಕಾರ್ಬನ್ ಚೀಲ ಹಾಕಿದೆ. ಮೂರನೇ ದಿನ ಒಂದು ಮೂಲೆಯಲ್ಲಿ ಎಂಟ್ಹತ್ತು ಪಾಲಿಪ್ ಇಣುಕಿದವು! ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ. ವಾರ ಕಳೆಯುವುದರಲ್ಲಿ ಮತ್ತೆ ಮುಚ್ಚಿಕೊಂಡವು. ಕಾರ್ಬನ್ ತಾಮ್ರವನ್ನೂ ಸ್ವಲ್ಪ ಹೀರುತ್ತದೆ, ಹೊಟ್ಟೆ ತುಂಬಿದ ಮೇಲೆ ನಿಲ್ಲಿಸುತ್ತದೆ ಅಂತ ಆಗ ತಲೆಗೆ ಹೊಳೆಯಲಿಲ್ಲ. ರಾತ್ರಿ ಎರಡಕ್ಕೆ ಎದ್ದು ಟಾರ್ಚಿಗೆ ಕೆಂಪು ಕಾಗದ ಸುತ್ತಿ ಹವಳ ತಿನ್ನುವ ಹುಳ ಹುಡುಕಿದ್ದೂ ಆಯಿತು. ಏನೂ ಇಲ್ಲ.

ನಾನು ಮಾಡಿದ ದೊಡ್ಡ ತಪ್ಪು ಬೇರೆ. ಟ್ಯಾಂಕಿನಲ್ಲಿ ಏನೇ ತೊಂದರೆಯಾದರೂ ನೀರು ಬದಲಿಸು ಅಂತ ಎಲ್ಲರೂ ಹೇಳುತ್ತಾರೆ. ನಾನೂ ವಾರಕ್ಕೆ 15 ಲೀಟರ್ ಬದಲಿಸುತ್ತಿದ್ದವನು 30 ಲೀಟರ್ ಬದಲಿಸತೊಡಗಿದೆ, ಅದೂ ಮೂರು ದಿನಕ್ಕೊಮ್ಮೆ. ಪ್ರತಿ ಸಲವೂ ಹವಳ ಇನ್ನಷ್ಟು ಕುಗ್ಗಿತು. ಝೀನಿಯಾ ಅಂತ ಇನ್ನೊಂದು ಹವಳ ಇತ್ತು, ಅಂಗೈ ಮುಚ್ಚಿ ತೆರೆದ ಹಾಗೆ ಮಿಡಿಯುತ್ತಿರುತ್ತದೆ. ಅದು ಎರಡೇ ದಿನದಲ್ಲಿ ಕರಗಿ ಲೋಳೆಯಾಯಿತು. ಬಸವನ ಹುಳುಗಳು ಹನ್ನೊಂದರಲ್ಲಿ ನಾಲ್ಕು ಉಳಿದವು. ಮೀನುಗಳು ಮಾತ್ರ ಏನೂ ಆಗದ ಹಾಗೆ ಊಟ ಕೇಳುತ್ತಿದ್ದವು. ಮಾರ್ಚ್ 23ಕ್ಕೆ ಲೆದರ್ ಕೊಡೆಯ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ಕಂದು ಮಚ್ಚೆ ಕಾಣಿಸಿತು. ಬೆರಳಲ್ಲಿ ಮುಟ್ಟಿದರೆ ಕೊಳೆತ ಹಣ್ಣಿನ ಹಾಗೆ ಒಳಗೆ ಹೋಯಿತು. ಮೂಸಿ ನೋಡಿದೆ. ಪೊರೆ ಬಿಡುವ ಹವಳ ಹೀಗೆ ನಾರುವುದಿಲ್ಲ. ಅವೆರಡರ ವ್ಯತ್ಯಾಸ ತಿಳಿಯಬೇಕು ಅಂದರೆ ಮೂಗೇ ಸಾಕು.

ಯುಗಾದಿಗೆ ನಾಲ್ಕು ದಿನ ಇತ್ತು. ಪಕ್ಕದ ಮನೆ ಆಂಟಿ ಬಂದು ಅಮ್ಮನ ಜೊತೆ ಅಡುಗೆಮನೆಯಲ್ಲಿ ಒಬ್ಬಟ್ಟಿನ ಬೇಳೆ ವಿಷಯ ಮಾತಾಡುತ್ತಿದ್ದರು. ನಾನು ಎಂದಿನ ಹಾಗೆ ಟ್ಯಾಂಕಿಗೆ ಹಾಕಲು ಫಿಲ್ಟರ್ ನೀರು ಕ್ಯಾನಿಗೆ ಹಿಡಿಯುತ್ತಿದ್ದೆ. ಆಂಟಿಗೆ ಅಮ್ಮ ಒಂದು ಲೋಟ ನೀರು ಕೊಟ್ಟಳು.

"ಕುಡೀರಿ, ನಮ್ಮ ಫಿಲ್ಟರ್ ನೀರು ಈಗ ತಾಮ್ರದ ಚೊಂಬಿನ ನೀರು ಇದ್ದಂಗೆ. ಸರ್ವೀಸಿಗೆ ಬಂದ ಹುಡುಗ ಕಾಪರ್ ಹಾಕಿಕೊಟ್ಟ. ಮುನ್ನೂರೈವತ್ತು ಜಾಸ್ತಿ ತಗೊಂಡ, ತಗೊಳ್ಳಲಿ ಬಿಡಿ."

ಕ್ಯಾನ್ ತುಂಬಿ ನೀರು ನೆಲದ ಮೇಲೆ ಹರಿಯಿತು. ನಾನು ನಲ್ಲಿ ನಿಲ್ಲಿಸಲೇ ಇಲ್ಲ.

ಫಿಲ್ಟರ್ ಪಕ್ಕಕ್ಕೆ ಅಂಟಿಸಿದ ಸರ್ವೀಸ್ ಚೀಟಿ ನೋಡಿದೆ. ಜನವರಿ 18. ನನ್ನ ಪುಸ್ತಕದಲ್ಲಿ ಮೊದಲ ಹುಳು ಬಿದ್ದದ್ದು ಮಾರ್ಚ್ 2. ನಲವತ್ತಮೂರು ದಿನ.

ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಮ್ಮ ಕಡೆ ತುಂಬ ಜನ ಅಡುಗೆಮನೆ ಆರ್‌ಒ ನೀರನ್ನೇ ಟ್ಯಾಂಕಿಗೆ ಹಾಕುತ್ತಾರೆ. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್ 900 ದಾಟುತ್ತದೆ, ಫ್ಲೋರೈಡ್ ಬೇರೆ. ಹಾಗಾಗಿ ಆರ್‌ಒ ಬೇಕೇ ಬೇಕು. ನಮ್ಮ ಆರ್‌ಒ ನೀರು 48 ತೋರಿಸುತ್ತಿತ್ತು, ಮೂರು ವರ್ಷ ಅದರಲ್ಲೇ ಎಲ್ಲ ಚೆನ್ನಾಗಿತ್ತು. ಕಾಪರ್ ಹಾಕಿದ ಮೇಲೆ 53. ಐದು ಅಂಕಿ ಏರಿದ್ದಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಟಿಡಿಎಸ್ ಮೀಟರ್ ನೀರಿನಲ್ಲಿ ಎಷ್ಟು ಕರಗಿದೆ ಅಂತ ಹೇಳುತ್ತದೆಯೇ ಹೊರತು ಏನು ಕರಗಿದೆ ಅಂತ ಹೇಳುವುದಿಲ್ಲ. ಆ ಕಾಪರ್ ಕಾರ್ಟ್ರಿಡ್ಜ್ ಇರುವುದು ಮೆಂಬ್ರೇನ್ ಆದ ಮೇಲೆ, ಕೊನೆಯಲ್ಲಿ. ಶುದ್ಧವಾದ ನೀರಿಗೆ ಬೇಕೆಂದೇ ತಾಮ್ರ ಸೇರಿಸುವುದು ಅದರ ಕೆಲಸ. ಮನುಷ್ಯರಿಗೆ ಅಷ್ಟು ತಾಮ್ರದಿಂದ ತೊಂದರೆ ಇಲ್ಲ. ಹವಳಕ್ಕೆ, ಹುಳುವಿಗೆ ಅದು ವಿಷ. ವಿಚಿತ್ರ ನೋಡಿ, ಬಸವನ ಹುಳುವಿನ ರಕ್ತದಲ್ಲೇ ತಾಮ್ರ ಇರುತ್ತದೆ, ಆದರೂ ನೀರಿನಲ್ಲಿ ಚೂರು ಜಾಸ್ತಿಯಾದರೆ ಸಾಯುತ್ತದೆ.

ಮಂಡಿಯಲ್ಲಿ ರೈತರ ಬಾಯಲ್ಲಿ ದಿನಾ ಕೇಳುತ್ತೇನೆ, ಅಂಗಮಾರಿಗೆ ಕಾಪರ್ ಹೊಡೆದೆವು, ಮೈಲುತುತ್ತು ಹೊಡೆದೆವು ಅಂತ. ಹವಳದ ಮೈಯೊಳಗೆ ಅದಕ್ಕೆ ಅನ್ನ ಮಾಡಿಕೊಡುವ ಪಾಚಿ ಇರುತ್ತದೆ. ಪಾಚಿಯನ್ನೂ ತಾಮ್ರ ಬಿಡುವುದಿಲ್ಲ. ಇಷ್ಟು ಗೊತ್ತಿದ್ದ ನಾನೇ ಟ್ಯಾಂಕಿಗೆ ದಿನಾ ಎರಡು ಲೀಟರ್ ಕಾಪರ್ ನೀರು ಹಾಕಿದ್ದೆ.

ತಾಮ್ರದ ಟೆಸ್ಟ್ ಕಿಟ್ ಆನ್‌ಲೈನಿನಲ್ಲಿ 1,690 ರೂಪಾಯಿ, ಮೂರು ದಿನ ಕಾಯಬೇಕಾಯಿತು. ಬಂದ ಕೂಡಲೇ ಎರಡು ನೀರೂ ನೋಡಿದೆ. ಫಿಲ್ಟರ್ ನೀರು ಲೀಟರಿಗೆ 0.2 ಮಿಲಿಗ್ರಾಂ ಹತ್ತಿರ, ಟ್ಯಾಂಕ್ 0.1 ಹತ್ತಿರ. ಲೆಕ್ಕ ಹಾಕಿ. ಟ್ಯಾಂಕಿನಿಂದ ಆವಿಯಾಗಿ ಹೋಗುವುದು ಬರೀ ನೀರು. ತಾಮ್ರ ಒಳಗೇ ಉಳಿಯುತ್ತದೆ. ದಿನಕ್ಕೆ 2 ಲೀಟರ್, 43 ದಿನಕ್ಕೆ 86 ಲೀಟರ್. ಅದರಲ್ಲಿ 17 ಮಿಲಿಗ್ರಾಂ ತಾಮ್ರ. 150 ಲೀಟರಿಗೆ ಹಂಚಿದರೆ ಲೀಟರಿಗೆ 0.1 ದಾಟುತ್ತದೆ. ನೀರು ಬದಲಿಸಿದ್ದು ಬೇರೆ. ಟ್ಯಾಂಕಿನಿಂದ 0.1ರ ನೀರು ತೆಗೆದು, ಅದೇ ಫಿಲ್ಟರ್‌ನ 0.2ರ ನೀರಿಗೆ ಉಪ್ಪು ಕಲಸಿ ಹಾಕುತ್ತಿದ್ದೆ. ಔಷಧಿ ಅಂತ ವಿಷ ಕುಡಿಸಿದ ಹಾಗೆ. ಇಷ್ಟಾದರೂ ಟ್ಯಾಂಕಿನ ಅಂಕಿ ಇನ್ನೂ ಮೇಲೆ ಹೋಗಿಲ್ಲ ಅಂದರೆ ಉಳಿದದ್ದನ್ನು ಕಲ್ಲು, ಮರಳು ಹೀರಿಕೊಂಡಿವೆ ಅಂತ ಅರ್ಥ. ಅದು ಒಳ್ಳೆಯ ಸುದ್ದಿ ಅಲ್ಲ. ಹೀರಿಕೊಂಡದ್ದನ್ನು ಅವು ನಿಧಾನಕ್ಕೆ ವಾಪಸ್ ಬಿಡುತ್ತವೆ.

ಕಿಟ್ ಬರುವ ಮೊದಲೇ ಕೆಲಸ ಶುರು ಮಾಡಿದ್ದೆ. ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ನೀರಿನ ಐದು ಲೀಟರಿನ ಕ್ಯಾನ್ ಸಿಗುತ್ತದೆ. ಮೀಟರ್ ಹಾಕಿ ನೋಡಿದೆ, 2. ಎಂಟು ಕ್ಯಾನ್ ತಂದೆ. ಎಲ್ಲ ಅಂಗಡಿಯದ್ದೂ ಹೀಗೇ ಇರುತ್ತದೆ ಅಂತ ನಂಬಬೇಡಿ. ಇನ್ನೊಂದು ಕಡೆ ತಂದ ಕ್ಯಾನ್ 31 ತೋರಿಸಿತು, ವಾಪಸ್ ಕೊಟ್ಟೆ. ಆ ನೀರಿನಲ್ಲಿ ಉಪ್ಪು ಕಲಸಿ, ಒಂದು ಬಕೆಟ್‌ನಲ್ಲಿ ಹೀಟರ್, ಸಣ್ಣ ಪಂಪ್ ಇಟ್ಟು, ಹವಳ ಕೂತಿದ್ದ ಕಲ್ಲಿನ ಸಮೇತ ಅದನ್ನು ಅಲ್ಲಿಗೆ ವರ್ಗ ಮಾಡಿದೆ.

ಆಮೇಲೆ ಆಪರೇಷನ್. ಕೈಗವಸು, ಕನ್ನಡಕ ಎರಡೂ ಹಾಕಿಕೊಳ್ಳಿ. ಲೆದರ್‌ನ ಲೋಳೆ ಚರ್ಮಕ್ಕೆ ಉರಿ ತರಿಸುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಹವಳದ ಸಂಬಂಧಿಯಾದ ಜೋವಾಂತಿಡ್ ಅನ್ನುವ ಜೀವಿ ಇದ್ದರೆ ಇನ್ನೂ ಹುಷಾರು. ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಅನ್ನುವ ಭಯಂಕರ ವಿಷ ಇರುತ್ತದೆ. ಅವು ಇರುವ ಕಲ್ಲನ್ನು ತೊಳೆಯಲು ಅಂತ ಬಿಸಿನೀರಿಗೆ ಹಾಕಿ ಕುದಿಸಲೇಬಾರದು, ಆ ಆವಿ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ್ದಿದೆ. ನಾನು ಹೊಸ ಬ್ಲೇಡಿನಲ್ಲಿ ಕಂದು ಮಚ್ಚೆಯ ಸುತ್ತ, ಚೆನ್ನಾಗಿರುವ ಮಾಂಸ ಅರ್ಧ ಇಂಚು ಸೇರಿಸಿಯೇ ಕತ್ತರಿಸಿದೆ. ಮೆತ್ತಗೆ ಹೋಗುತ್ತದೆ ಅಂದುಕೊಂಡಿದ್ದೆ. ಇಲ್ಲ, ಮರಳು ಬೆರೆಸಿದ ರಬ್ಬರ್ ಕೊಯ್ದ ಹಾಗೆ ಕರಕರ ಅಂತು. ಲೆದರ್ ಮೈಯೊಳಗೆ ಸುಣ್ಣದ ಸಣ್ಣ ಸಣ್ಣ ಚೂರುಗಳಿರುತ್ತವೆ, ಅದರ ಸದ್ದು. ಒಳಗೆ ಬೆಳ್ಳಗೆ ಕಂಡಾಗ ಸಮಾಧಾನವಾಯಿತು, ಕೊಳೆ ಅಲ್ಲಿಗೆ ನಿಂತಿತ್ತು. ಅಯೋಡಿನ್ ಇರುವ ಕೋರಲ್ ಡಿಪ್‌ನಲ್ಲಿ, ಬಾಟಲಿ ಮೇಲೆ ಬರೆದಷ್ಟೇ ಹೊತ್ತು ಅದ್ದಿ, ಬೇರೆ ಉಪ್ಪು ನೀರಿನಲ್ಲಿ ತೊಳೆದು ಬಕೆಟ್ಟಿಗೆ ಬಿಟ್ಟೆ. ಕತ್ತರಿಸುವಾಗ ಚೆನ್ನಾಗಿರುವ ಒಂದು ಚೂರು ಬೇರೆ ಬಂತು. ಅದನ್ನು ಬಿಸಾಡಲು ಮನಸ್ಸಾಗದೆ ಸಣ್ಣ ಕಲ್ಲಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದೆ.

ಟ್ಯಾಂಕಿಗೆ ಐದು ಸಲ, ಪ್ರತಿ ಸಲ 30 ಲೀಟರ್, ಒಳ್ಳೆಯ ನೀರು. ಐದು ಸಲ ಐದನೇ ಒಂದು ಭಾಗ ಅಂದರೆ ಪೂರ್ತಿ ಬದಲಾಯಿತು ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲ. ಪ್ರತಿ ಸಲವೂ ಹಳೆಯದರ ಐದು ಪಾಲಿನಲ್ಲಿ ನಾಲ್ಕು ಪಾಲು ಉಳಿಯುತ್ತದೆ. ಐದು ಸಲ ಆದ ಮೇಲೂ ಮೂರನೇ ಒಂದು ಭಾಗ ಹಾಗೇ ಇರುತ್ತದೆ, ಕಲ್ಲು ಬಿಡುವುದು ಬೇರೆ. ಅದಕ್ಕೇ ತಾಮ್ರ ಹೀರುವ ರೆಸಿನ್ ಬೇಕು. ಕೆನೆ ಬಣ್ಣದ ಸಣ್ಣ ಕಾಳುಗಳು, ಚೀಲದಲ್ಲಿ ತುಂಬಿ ನೀರು ಹರಿಯುವ ಕಡೆ ಇಟ್ಟೆ. ಹತ್ತು ದಿನಕ್ಕೆ ಚೀಲ ಎತ್ತಿ ನೋಡಿದರೆ ಕಾಳುಗಳ ಮೇಲೆ ನೀಲಿ ಹಸಿರು ಛಾಯೆ. ಅಮ್ಮ ಪಕ್ಕದಲ್ಲೇ ನಿಂತಿದ್ದಳು.

"ಇದು ಕಿಲುಬಲ್ವೇನೋ? ತಾಮ್ರದ ಪಾತ್ರೇಲಿ ಉಪ್ಪು ಹುಳಿ ಇಡಬಾರದು ಅಂತ ನಿಂಗೆ ಗೊತ್ತಿಲ್ವಾ?"

ಗೊತ್ತಿತ್ತಮ್ಮ, ನೆನಪಾಗಲಿಲ್ಲ ಅಂದೆ.

ಇನ್ನು ಕಾಯುವುದು. ಏಪ್ರಿಲ್ ಬಿಸಿಲಿಗೆ ಬಕೆಟ್ ನೀರು 29 ದಾಟುತ್ತಿತ್ತು. ಫ್ಯಾನ್ ಹಾಕಿದರೆ ತಂಪಾಗುತ್ತದೆ, ಆದರೆ ಆವಿ ಜಾಸ್ತಿಯಾಗಿ ಉಪ್ಪು ಏರುತ್ತದೆ. ಕಡಿಮೆಯಾದ ನೀರಿಗೆ ಸಿಹಿ ನೀರನ್ನೇ ಹಾಕಬೇಕು, ಉಪ್ಪು ನೀರಲ್ಲ. ಒಂದು ಮಧ್ಯಾಹ್ನ ಎರಡೂವರೆ ಗಂಟೆ ಕರೆಂಟ್ ಇಲ್ಲ. ನಾನು ಮಂಡಿಯಲ್ಲಿ, ಹೆಂಡತಿ ಲೋಟದಲ್ಲಿ ನೀರೆತ್ತಿ ಎತ್ತಿ ಸುರಿಯುತ್ತಾ ಕೂತಿದ್ದಳಂತೆ. "ನಿಮ್ಮ ಹವಳಕ್ಕೆ ಆರತಿ ಒಂದು ಬಾಕಿ ರೀ" ಅಂದಳು. ಮರುದಿನ 380 ರೂಪಾಯಿಯ ಬ್ಯಾಟರಿ ಏರ್ ಪಂಪ್ ತಂದೆ. ಇದನ್ನು ನೀವು ಮೊದಲೇ ತಂದಿಟ್ಟುಕೊಳ್ಳಿ.

ಟ್ಯಾಂಕಿನ ತಾಮ್ರ ಕಿಟ್‌ನಲ್ಲಿ ಸೊನ್ನೆ ತೋರಿಸಿದ್ದು ಏಪ್ರಿಲ್ 19. ನಾನು ತಕ್ಷಣ ಹವಳ ವಾಪಸ್ ಇಡಲಿಲ್ಲ. ಮೊದಲು ಒಂದು ಬಸವನ ಹುಳು ಬಿಟ್ಟು ವಾರ ನೋಡಿದೆ. ಗಾಜು ಹತ್ತಿ ಪಾಚಿ ಕೆರೆಯುತ್ತಾ ಓಡಾಡಿತು. 27ಕ್ಕೆ ಲೆದರ್ ಹಳೆಯ ಜಾಗಕ್ಕೆ ಬಂತು. ಕೊಡೆ ಅರ್ಧದಷ್ಟೇ ಉಳಿದಿದೆ, ಕಚ್ಚಿದ ದೋಸೆ ಥರ. ಮೇ 4ರ ಸಾಲು: "ಎಡಗಡೆ ಪಾಲಿಪ್ 6." ಮರುದಿನ "20 ಇರಬಹುದು." ಅದರ ಮರುದಿನ ಎಣಿಸಲಾಗಲಿಲ್ಲ. ರಬ್ಬರ್ ಬ್ಯಾಂಡ್ ಕಟ್ಟಿದ ಚೂರು ಕಲ್ಲು ಹಿಡಿದುಕೊಂಡಿದೆ, ಅದರ ಮೇಲೂ ನಾಲ್ಕು ಎದ್ದಿವೆ.

ಖರ್ಚು ಕೇಳಿದರೆ: ಪರೀಕ್ಷೆ ದ್ರಾವಣ, ಕಿಟ್, ರೆಸಿನ್, ಡಿಪ್, ಉಪ್ಪು, ಕ್ಯಾನ್ ನೀರು, ಬಸ್ಸು, ಏರ್ ಪಂಪ್, ಬೇಡದ ಆ ಔಷಧಿ, ಎಲ್ಲ ಸೇರಿ 11,460. ಅದರ ಮೇಲೆ ಆರ್‌ಒ ಮೆಂಬ್ರೇನ್ ಆದ ಕೂಡಲೇ ಪೈಪಿಗೆ ಟೀ ಜಾಯಿಂಟ್ ಹಾಕಿಸಿ, ಅಲ್ಲಿಂದ ಉಳಿದ ಲವಣವನ್ನೂ ಹೀರುವ ಡಿಐ ರೆಸಿನ್ ಡಬ್ಬಿಗೆ ಬೇರೆ ಲೈನ್ ಎಳೆಸಿದ್ದಕ್ಕೆ 2,900. ಈಗ ಮೀಟರ್ ಸೊನ್ನೆ ತೋರಿಸುತ್ತದೆ. ಇದನ್ನು ಮೂರು ವರ್ಷದ ಹಿಂದೆಯೇ ಮಾಡಿಸಿದ್ದರೆ ಮೊದಲನೆಯದು ಬೇಕಿರಲಿಲ್ಲ. ಅಮ್ಮನ ಕಾಪರ್ ಅಮ್ಮನ ನಲ್ಲಿಯಲ್ಲೇ ಇದೆ, ಅದಕ್ಕೆ ನಾನು ಕೈ ಹಾಕಿಲ್ಲ.

ಹೋದ ವಾರ ಸರ್ವೀಸ್ ಹುಡುಗ ಮತ್ತೆ ಬಂದಿದ್ದ. ಹೊಸ ಕಾರ್ಟ್ರಿಡ್ಜ್ ಬಿಚ್ಚಿ ಅಮ್ಮನಿಗೆ ತೋರಿಸುತ್ತಿದ್ದ. "ಈ ಸಲ ಝಿಂಕ್ ಕೂಡ ಇದೆ ಅಮ್ಮ." ನಾನು ಎದ್ದು ಹೋಗಿ, ಅವನು ಬಿಚ್ಚುತ್ತಿರುವುದು ಟೀ ಆದ ಮೇಲಿನ ಪೈಪೋ ಮುಂಚಿನದೋ ಅಂತ ಎರಡು ಸಲ ನೋಡಿ ಬಂದು ಕೂತೆ.